ಬಂಡೆ ಸುತ್ತಿದ ಗೆರೆ

ಶಿಷ್ಯ ಗುರುಗಳನ್ನು ಕೇಳಿದ. “ತಪ್ಪು ಮಾಡಿದವನು ತನ್ನ ಬಾಯಿಂದಲೇ ತಪ್ಪಾಯಿತು ಎಂದು ಹೇಳುವವರೆಗೆ ಅವನನ್ನು ಬಿಡಬಾರದು. ಇದು ಸರಿ ತಾನೇ?”

ಅವನು ಆಗಷ್ಟೇ ಒಂದು ಜಗಳ ಮುಗಿಸಿ ಬಂದಿದ್ದ. ಗಂಟಲು ಒಡೆದಿತ್ತು. ನ್ಯಾಯ ಅವನ ಕಡೆಗೇ ಇತ್ತು. ಅದು ಗುರುಗಳಿಗೂ ಗೊತ್ತಿತ್ತು.

“ಕೂತುಕೋ. ನೀರು ಕುಡಿ,” ಎಂದು ಹೇಳಿ ಗುರುಗಳು ಒಂದು ಕತೆ ಶುರುಮಾಡಿದರು.

ಗುಡ್ಡಗಳ ನಡುವೆ ಒಬ್ಬ ರೈತನ ಹೊಲ ಇತ್ತು. ಹೊಲದ ಮಧ್ಯೆ ಒಂದು ದೊಡ್ಡ ಬಂಡೆ. ಆ ಕಡೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ, ಹೊಲ ಖಾಲಿ ಬಿದ್ದಿದ್ದಾಗ, ಒಬ್ಬ ಸವಾರ ಮೋಟರ್ ಸೈಕಲ್ ಮೇಲೆ ಆ ಕಡೆ ಬಂದ. ಬಂಡೆಯ ನೆರಳಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಉಂಡ. ಎದ್ದು ನೋಡಿದರೆ ಗಾಡಿಯ ಕೀಲಿ ಇಲ್ಲ. ಹುಡುಕುತ್ತಾ ಬಂಡೆಯನ್ನು ಸುತ್ತಿದ. ಮತ್ತೆ ಸುತ್ತಿದ. ರೈತನೂ ಬಂದು ಅವನ ಜೊತೆ ಸುತ್ತಿದ. ಕಡೆಗೆ ಕೀಲಿ ಸಿಕ್ಕಿತು. ಸವಾರ ಕೈ ಮುಗಿದು ಹೋದ.

ಅವನ ಜೇಬಿನಲ್ಲಿ ಫೋನ್ ಇತ್ತು. ಹೋದಲ್ಲೆಲ್ಲ ಮ್ಯಾಪಿನ ಮೇಲೆ ಗೆರೆ ಎಳೆಯುವ ಆಪ್ ಅದರಲ್ಲಿ ಇತ್ತು. ಅಂಥ ಆಪಿಗೆ ಸಿಗ್ನಲ್ ಬೇಕಿಲ್ಲ. ಗಾಡಿಯ ಮೇಲೆ ಹೋಗುತ್ತಿದ್ದಾನೋ, ಕೀಲಿ ಕಳೆದುಕೊಂಡು ನಡೆಯುತ್ತಿದ್ದಾನೋ, ಅದಕ್ಕೆ ತಿಳಿಯುವುದಿಲ್ಲ. ಸವಾರ ಊರಿಗೆ ಹೋಗಿ ಆ ಗೆರೆಯನ್ನು ನಾಲ್ಕು ಜನಕ್ಕೆ ಕೊಟ್ಟ. ಅವರು ಮತ್ತೆ ನಾಲ್ಕು ಜನಕ್ಕೆ ಕೊಟ್ಟರು. ಹೊಲಕ್ಕೆ ನುಗ್ಗಿ, ಬಂಡೆಯನ್ನು ಸುತ್ತಿ ಸುತ್ತಿ, ಆಚೆ ಗುಡ್ಡ ಹತ್ತುವ ಗೆರೆ ಅದು.

ಮುಂಗಾರಿನಲ್ಲಿ ರೈತ ಶೇಂಗಾ ಬಿತ್ತಿದ. ಗಿಡ ಚೆನ್ನಾಗಿ ಎದ್ದಿತು. ಆಗ ಭಾನುವಾರದ ಸವಾರರು ಬರತೊಡಗಿದರು. ಒಳ್ಳೆಯ ರಸ್ತೆ ಬಿಟ್ಟು ಕೆಟ್ಟ ದಾರಿ ಹುಡುಕಿಕೊಂಡು ಬರುವ ಜನ ಅವರು. ಮ್ಯಾಪನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರುತ್ತಿದ್ದರು. ಗೆರೆಯ ಹಾಗೆ ಹೊಲಕ್ಕೆ ನುಗ್ಗಿದರು. ಗೆರೆಯ ಹಾಗೆ ಬಂಡೆ ಸುತ್ತಿದರು. ಗೆರೆಯ ಹಾಗೆ ಹೋದರು. ಕಣ್ಣಿದ್ದವರೇ. ಕಣ್ಣನ್ನು ಫೋನಿನ ಗಾಜಿಗೆ ಒಪ್ಪಿಸಿದ್ದರು.

ರೈತ ಜಾಲಿಮುಳ್ಳು ಕಡಿದು ತಂದು ಅಡ್ಡ ಹಾಕಿದ. ಮುಂದಿನ ಭಾನುವಾರ ಸವಾರರು ಮುಳ್ಳಿನ ಪಕ್ಕದಿಂದ ಬಳಸಿಕೊಂಡು, ಇನ್ನೂ ತುಳಿಯದ ಗಿಡಗಳ ಮೇಲೆ ಹೋದರು. ಮುಳ್ಳು ಬಿದ್ದ ಮೇಲೆ ಚಕ್ರದ ಜಾಡು ಮೊದಲಿಗಿಂತ ಅಗಲವಾಯಿತು.

ಅಷ್ಟರಲ್ಲಿ ಶೇಂಗಾ ಹೂವು ಬಿಟ್ಟಿತು. ಹೂವು ಬಾಡಿದ ಮೇಲೆ ಗಿಡದಿಂದ ಸೂಜಿಯಂಥ ಎಳೆ ನೆಲಕ್ಕೆ ಇಳಿಯುತ್ತದೆ. ಅದರ ತುದಿಯಲ್ಲೇ ಕಾಯಿ. ಮಣ್ಣು ಸಡಿಲವಾಗಿದ್ದರೆ ಇಳಿಯುತ್ತದೆ. ತುಳಿದು ಗಟ್ಟಿಯಾದ ಮಣ್ಣಿಗೆ ಇಳಿಯುವುದಿಲ್ಲ, ಗಿಡ ಹಸಿರಾಗಿಯೇ ನಿಂತು ಬರಿದಾಗುತ್ತದೆ. ರೈತನ ವರ್ಷದ ಅನ್ನ ಆ ಸೂಜಿಗಳ ತುದಿಯಲ್ಲಿತ್ತು.

ಆ ಭಾನುವಾರ ಅವನು ಕುಡುಗೋಲು ಹಿಡಿದು ಬಂಡೆಯ ಮುಂದೆ ನಿಂತ. ಸವಾರರು ಬಂದರು. ಮುಂದಾಳು ಗಾಡಿ ನಿಲ್ಲಿಸಿದ.

“ಇದು ಹೊಲ. ಕಣ್ಣು ಕಾಣೋದಿಲ್ವಾ?”

“ಕಾಣ್ತದೆ ಯಜಮಾನ್ರೇ. ಆದರೆ ದಾರಿ ಇಲ್ಲೇ ಇದೆ. ನೋಡಿ ಬೇಕಾದ್ರೆ.” ಮುಂದಾಳು ಫೋನ್ ತೋರಿಸಿದ.

“ಈ ಬಂಡೆ ಯಾಕೆ ಸುತ್ತುತ್ತೀರಿ? ಹರಕೆ ಹೊತ್ತಿದ್ದೀರಾ?”

“ಇಲ್ಲಿ ಸುತ್ತಿದ್ರೆ ಗಾಡಿ ಬಾಗಿಸೋದು ರೂಢಿಯಾಗ್ತದೆ,” ಎಂದ ಹಿಂದಿನವನು. ಅವನ ಹಿಂದಿನವನು, “ಅಲ್ಲಪ್ಪಾ, ಇಂಜಿನ್ ಬಿಸಿ ಇಳಿಯೋದಕ್ಕೆ,” ಎಂದ. ಇಬ್ಬರಿಗೂ ಅದನ್ನು ದೊಡ್ಡವರು ಹೇಳಿದ್ದರಂತೆ.

ರೈತ ಹೇಳಿದ. “ನಿಮ್ಮ ದೊಡ್ಡವನು ಸುತ್ತಿದ್ದು ಕೀಲಿ ಕಳಕೊಂಡು. ಗಾಡಿ ಮೇಲೆ ಇರಲಿಲ್ಲ ಅವನು, ನಡೀತಾ ಇದ್ದ. ತನ್ನನ್ನೇ ಬೈಕೊಳ್ತಾ ಇದ್ದ. ಕೀಲಿ ಹುಡುಕಿಕೊಟ್ಟವನು ನಾನು.”

ಸವಾರರು ನಕ್ಕರು.

“ಇಷ್ಟು ಜನ ಬಂದು ಹೋಗಿದ್ದಾರೆ,” ಎಂದ ಮುಂದಾಳು. “ಎಲ್ಲರೂ ದಾರಿ ಚೆನ್ನಾಗಿದೆ ಅಂತ ಬರೆದಿದ್ದಾರೆ. ಅಷ್ಟೂ ಜನ ತಪ್ಪು, ನೀವೊಬ್ಬರು ಸರಿಯಾ?”

“ಹೌದು. ಗಾಡಿ ಇಳಿ. ತಪ್ಪಾಯ್ತು ಅನ್ನು. ಆಮೇಲೆ ಹೋಗು.”

“ಗೆರೆ ಬಿಟ್ಟು ಒಂದಡಿ ಆಚೆ ಹೋಗಿಲ್ಲ ನಾನು. ಯಾವ ತಪ್ಪು ಅಂತ ಒಪ್ಪಲಿ?”

ಜಗಳ ಹತ್ತಿತು. ತಮಾಷೆ ನೋಡಲು ಉಳಿದ ಸವಾರರೂ ಗಾಡಿ ಇಳಿದರು. ಹೆಲ್ಮೆಟ್ ತೆಗೆದು ಗಿಡಗಳ ಮೇಲೆ ಇಟ್ಟರು. ಗದ್ದಲ ಕೇಳಿ ಅಕ್ಕಪಕ್ಕದ ಹೊಲದವರು ರೈತನ ಪರವಾಗಿ ಓಡಿಬಂದರು. ಬದು ದಾಟಿ ಹೊಲದ ನಡುವೆ ಬಂದೇ ನಿಂತರು. “ಬಿಡಬೇಡ ಮಾವ, ಬಾಯಿಬಿಟ್ಟು ಹೇಳಲಿ,” ಎಂದು ಕೂಗಿದರು. ಒಬ್ಬ ಸಿಟ್ಟಿನಲ್ಲಿ ಕಾಲು ಅಪ್ಪಳಿಸಿದ. ಹೊತ್ತು ನೆತ್ತಿಯಿಂದ ಇಳಿಯಿತು. ಮುಂದಾಳು ಒಪ್ಪಲಿಲ್ಲ. ರೈತ ಬಿಡಲಿಲ್ಲ.

ಬೆವರು ಒರೆಸಿಕೊಳ್ಳಲು ರೈತ ತಲೆ ಬಗ್ಗಿಸಿದ. ತನ್ನ ಕಾಲು ಕಂಡಿತು. ಕಾಲ ಕೆಳಗೆ ಗಿಡ. ಸೂಜಿ ಆಗಷ್ಟೇ ಇಳಿಯುತ್ತಿದ್ದ ಗಿಡ. ಸುತ್ತ ನೋಡಿದ. ಸವಾರರ ಬೂಟು, ನೆರೆಯವರ ಮೆಟ್ಟು, ಸಾಲಾಗಿ ನಿಂತ ಗಾಡಿಗಳು. ಇಷ್ಟು ದಿನ ಚಕ್ರ ತುಳಿದದ್ದಕ್ಕಿಂತ ಹೆಚ್ಚು ಗಿಡವನ್ನು ಆ ಮಧ್ಯಾಹ್ನದ ಜಗಳ ತುಳಿದಿತ್ತು. ಅವನ ಪರ ಬಂದವರೂ ತುಳಿದಿದ್ದರು. ಅವನೂ ತುಳಿದಿದ್ದ.

ರೈತ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಆಯ್ತು. ನಿಮ್ಮ ಮ್ಯಾಪೇ ಸರಿ,” ಎಂದ.

ನೆರೆಯವರಲ್ಲಿ ಒಬ್ಬ ಹಣೆ ಚಚ್ಚಿಕೊಂಡ. ಒಬ್ಬ ಉಗುಳಿದ.

“ಆದರೆ ಇದು ಮಕ್ಕಳು ಓಡಾಡೋ ದಾರಿ,” ಎಂದ ರೈತ. “ಗಂಡಸರು ಅನ್ನೋರು ಹಳ್ಳದಲ್ಲಿ ಹೋಗಬೇಕು. ಬರೀ ಮರಳು, ಗುಂಡುಕಲ್ಲು. ನಮ್ಮ ಕೋಣ ಕೂಡ ಅಲ್ಲಿಗೆ ಇಳಿಯೋದಿಲ್ಲ. ನಿಮ್ಮ ಕೈಯಲ್ಲಿ ಆಗ್ಲಿಕ್ಕಿಲ್ಲ ಬಿಡಿ.”

ಮುಂದಾಳಿನ ಮುಖ ಬದಲಾಯಿತು. “ಎಲ್ಲಿದೆ ಅದು?”

“ಅಷ್ಟು ದೂರ ಏನಿಲ್ಲ. ಹಿಂದೆ ಕೂತು ತೋರಿಸ್ತೀನಿ. ನಿಮ್ಮ ಫೋನಿಗೆ ಹೇಳಿ, ಗೆರೆ ಎಳೆದುಕೊಳ್ಳಲಿ.”

ಗಾಡಿಗಳನ್ನು ಬದುವಿನವರೆಗೆ ತಳ್ಳಿಸಿದ. ಮುಂದಾಳಿನ ಹಿಂದೆ ಹತ್ತಿ ಕೂತ. ಹೊಲದ ಹೊರಗಿನಿಂದ ಬಳಸಿ ಹಳ್ಳಕ್ಕೆ ಇಳಿಸಿದ. ಅದು ಮಳೆ ಬಿದ್ದಾಗ ಮಾತ್ರ ಹರಿಯುವ ಹಳ್ಳ, ಯಾರ ಬೆಳೆಯೂ ಇಲ್ಲದ ಜಾಗ. ಮರಳಿನಲ್ಲಿ ಗಾಡಿ ಹೂತು ಇಬ್ಬರೂ ಬಿದ್ದರು. ಮುಂದಾಳು ಎದ್ದು ಮರಳು ಕೊಡವಿಕೊಂಡು ಮಗುವಿನಂತೆ ನಕ್ಕ. ರೈತನಿಗೂ ನಗು ಬಂತು. ಮತ್ತೆ ಹತ್ತಿದರು. ಹಳ್ಳ ಗುಡ್ಡದ ಬುಡಕ್ಕೆ ಹೋಗಿ, ಹಳೆಯ ಗೆರೆ ಹತ್ತುವಲ್ಲಿಗೇ ಸೇರಿತು. ಅಲ್ಲಿ ರೈತ ಇಳಿದುಕೊಂಡ.

“ಯಜಮಾನ್ರೇ, ಇಂಥ ದಾರಿ ಇಟ್ಟುಕೊಂಡು ಇಷ್ಟು ದಿನ ಹೇಳಲಿಲ್ವಲ್ಲ?” ಎಂದ ಮುಂದಾಳು.

“ನೀವೂ ಕೇಳಲಿಲ್ಲ. ಬಂಡೆ ಸುತ್ತೋದ್ರಲ್ಲೇ ಇದ್ರಿ,” ಎಂದ ರೈತ.

ಮುಂದಾಳು ಹೊಸ ಗೆರೆಯನ್ನು ಎಲ್ಲರಿಗೂ ಕಳಿಸಿದ. ಹಳೆಯದಕ್ಕಿಂತ ಕಷ್ಟ, ಧೈರ್ಯ ಇದ್ದವರು ಮಾತ್ರ ಬನ್ನಿ ಎಂದು ಬರೆದ. ಅಷ್ಟೇ ಸಾಕಾಯಿತು. ಹಳೆಯ ಗೆರೆಯಲ್ಲಿ ಹೋದರೆ ಹೇಡಿ ಎನ್ನುತ್ತಾರೆಂದು ಒಬ್ಬನೂ ಹೊಲದ ಕಡೆ ತಿರುಗಲಿಲ್ಲ. ದಾರಿ ಕಂಡುಹಿಡಿದವನೆಂದು ಮುಂದಾಳಿಗೆ ಹೊಗಳಿಕೆ ಬಂತು. ಅವನು ಅದನ್ನು ಬೇಡ ಎನ್ನಲಿಲ್ಲ.

ಊರಿನಲ್ಲಿ ನೆರೆಯವರು ರೈತನಿಗೆ ಮುಖ ಕೊಡಲಿಲ್ಲ. ಪೇಟೆಯವರಿಗೆ ಹೆದರಿ ಸುಳ್ಳನ್ನು ಸರಿ ಎಂದ ಎಂದು ಆಡಿಕೊಂಡರು. ರೈತ ಹೆಂಡತಿಯನ್ನು ಕರೆದುಕೊಂಡು ಹೊಲಕ್ಕೆ ಹೋದ. ತುಳಿದು ಗಟ್ಟಿಯಾದ ಮಣ್ಣನ್ನು ಇಬ್ಬರೂ ಕೂತು ಸಡಿಲಿಸಿದರು. ಮುರಿದ ಗಿಡ ಹೋಯಿತು. ಉಳಿದವಕ್ಕೆ ಮಣ್ಣು ಏರಿಸಿದರು. ಸೂಜಿಗಳು ಇಳಿದವು. ಭಾನುವಾರ ದೂರದ ಹಳ್ಳದಲ್ಲಿ ಗಾಡಿಗಳ ಸದ್ದು ಕೇಳಿದರೆ ಹೆಂಡತಿ, “ಬಿದ್ರು ನೋಡು ಇನ್ನೊಬ್ರು,” ಎನ್ನುತ್ತಿದ್ದಳು. ಇಬ್ಬರೂ ನಕ್ಕು ಕೆಲಸಕ್ಕೆ ಬಗ್ಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಲ್ಲ ಗುರುಗಳೇ, ಆ ಮುಂದಾಳು ಇವತ್ತಿಗೂ ತನ್ನದೇ ಸರಿ ಎಂದುಕೊಂಡು ತಿರುಗುತ್ತಿದ್ದಾನಲ್ಲ. ರೈತ ಆಮೇಲಾದರೂ ಹೋಗಿ ಅವನಿಂದ ತಪ್ಪು ಒಪ್ಪಿಸಬೇಕಿತ್ತು. ಯಾಕೆ ಹೋಗಲಿಲ್ಲ?”

ಗುರುಗಳು ಹೇಳಿದರು. “ಬಿಡುವಿರಲಿಲ್ಲ, ಶೇಂಗಾ ಕೀಳುತ್ತಿದ್ದ.”