ಕಂಬಾರನ ಉಡುದಾರ

"ಗುರುಗಳೇ, ಒಂದು ಉತ್ತರ ಸಿಕ್ಕಿ ಮನಸ್ಸಿಗೆ ನೆಮ್ಮದಿಯಾದರೆ, ಅದೇ ಸರಿಯಾದ ಉತ್ತರವೆಂದು ತಿಳಿಯಬಹುದಲ್ಲವೇ?" ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ಕಂಬಾರನಿದ್ದ. ಅವನ ತಾಯಿ ಹೆತ್ತ ಮಕ್ಕಳಲ್ಲಿ ಉಳಿದವನು ಅವನೊಬ್ಬನೇ. ಅವನ ಉಡುದಾರ ಒಂದು ಗಳಿಗೆಯೂ ತಪ್ಪದಂತೆ ಆಕೆ ಕಾಯುತ್ತಿದ್ದಳು. ದಾರ ಹಳತಾದರೆ ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ಕತ್ತರಿಸುವಳು. ಬರಿಯ ಸೊಂಟ ಹೆಣಕ್ಕೆ ಮಾತ್ರ ಎಂಬುದು ಆ ಊರಿನ ನಂಬಿಕೆ.

ಒಮ್ಮೆ ಮಗನ ಸೊಂಟದ ಮೇಲೆ ಕೆಂಪು ಕಲೆ ಎದ್ದಿತು. ನೋವಿರಲಿಲ್ಲ, ತುರಿಕೆಯಿತ್ತು. ಕುಲುಮೆಯ ಬೆವರಿಗೆ ದಾರ ಉಜ್ಜಿ ಹೀಗಾಗಿದೆ ಎಂದಳು ತಾಯಿ. ಕೇಳಿದವರೆಲ್ಲ ಹೌದೆಂದರು. ಇಂಥ ಹೊತ್ತಿನಲ್ಲಿ ಊರಿಗೆ ಊರೇ ವೈದ್ಯ. ಆಕೆ ರೇಷ್ಮೆಯದು ಕಟ್ಟಿ ಹತ್ತಿಯದನ್ನು ತೆಗೆದಳು. ಕಲೆ ಮಾಸಿತು. ತಾಯಿಗೆ ಎದೆಯ ಭಾರ ಇಳಿಯಿತು. ಆದರೆ ಮಾಸಿದ ಕಲೆ ತಿರುಗಿ ಬಂತು, ತೊಡೆಗೂ ಇಳಿಯಿತು. ಆಗ ಬೆಳ್ಳಿಯದು ಹಾಕಿಸಿದಳು. ವರ್ಷಗಳು ಹೀಗೇ ಕಳೆದವು. ದಾರವೇ ತಾಕದ ಬೆನ್ನಿಗೂ ಕಲೆ ಹಬ್ಬಿದಾಗ ಮಗನಿಗೆ ದಿಗಿಲಾಯಿತು. ತಾಯಿಯನ್ನು ಕರೆದುಕೊಂಡು ಪಟ್ಟಣದ ವೈದ್ಯರಲ್ಲಿಗೆ ಹೋದ.

ವೈದ್ಯರು ಬಹಳ ಹೊತ್ತು ನೋಡಿದರು. "ಇದು ದಾರದ ಗಾಯವಲ್ಲ, ತಾಯಿ. ರಕ್ತದ ಬಿಳಿ ಕಣಗಳು ಕೆಟ್ಟು, ಚರ್ಮದಲ್ಲಿ ಮೊದಲು ಮುಖ ತೋರಿಸುವ ಅಪರೂಪದ ಕ್ಯಾನ್ಸರ್ ಒಂದಿದೆ. ಅದೋ ಅಲ್ಲವೋ ತಿಳಿಯಬೇಕಾದರೆ ಸೊಂಟದ ಹಳೆಯ ಕಲೆಯಿಂದ ಒಂದು ಚೂರು ತೆಗೆದು ನೋಡಬೇಕು. ಉಡುದಾರ ಬಿಚ್ಚಿಸಿ" ಎಂದರು.

"ಬದುಕಿರೋ ಮಗನ ಉಡುದಾರ ಬಿಚ್ಚು ಅಂತೀರಾ? ಅಂಥ ಮಾತು ಬಾಯಲ್ಲಿ ಹೆಂಗಾದ್ರೂ ಬಂತು ಸ್ವಾಮಿ?" ಎಂದು ತಾಯಿ ಎದ್ದಳು. ಬಾಗಿಲು ದಾಟಿ ಹೊರಟೇಬಿಟ್ಟಳು. ತಾಯಿಯ ಮಾತು ಮೀರಿ ಅಭ್ಯಾಸವಿಲ್ಲದ ಮಗ ಅವಳ ಹಿಂದೆಯೇ ನಡೆದ.

ಕಲೆಗಳು ಗಂಟಾದವು. ಗಂಟುಗಳು ಒಡೆದು ಹುಣ್ಣಾದವು. ಕಂಕುಳಲ್ಲಿ ಗಡ್ಡೆ ಎದ್ದಿತು. ಕೊನೆಗೆ ಅವನನ್ನು ಹೊತ್ತು ತಂದಾಗ, "ಆಗಲೇ ಚಿಕಿತ್ಸೆಗೆ ಬಂದಿದ್ದರೆ ಎಷ್ಟೋ ವರ್ಷ ಹತೋಟಿಯಲ್ಲಿ ಇಡಬಹುದಿತ್ತು" ಎಂದಷ್ಟೇ ವೈದ್ಯರು ಹೇಳಿದರು. ಆ ಮಾತು ಹೊತ್ತು ತಂದವರ ಕಿವಿಗೆ ಬಿತ್ತು. ಕಂಬಾರ ಸತ್ತ.

ಅವನನ್ನು ಮಣ್ಣು ಮಾಡಿ ಬಂದವರ ಎದುರು ತಾಯಿ ಎದೆ ಬಡಿದುಕೊಂಡು ಅತ್ತಳು. "ಆ ಬೆಳ್ಳೀಲಿ ಕಲಬೆರಕೆ ಇತ್ತು ಕಣ್ರಪ್ಪಾ. ಅದೇ ನನ್ನ ಮಗನ್ನ ತಿಂತು" ಎಂದಳು. ವೈದ್ಯರ ಮಾತು ಕೇಳಿದ್ದವರೂ ಕೈಗೆ ಮೆತ್ತಿದ ಮಣ್ಣು ಉಜ್ಜಿಕೊಳ್ಳುತ್ತ ನಿಂತರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು. "ಅಷ್ಟು ಜನರಲ್ಲಿ ಆಕೆಗೆ ನಿಜ ಹೇಳುವವನು ಒಬ್ಬನೂ ಇರಲಿಲ್ಲವೇ?" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ಮಣ್ಣು ಮೆತ್ತಿದ ಕೈಯಲ್ಲಿ ಅವಳೆದುರು ನಿಂತವನು ನೀನೇ ಆಗಿದ್ದರೆ, ಏನು ಹೇಳುತ್ತಿದ್ದೆ?"