ಬಣ್ಣಗಾರನ ಗಂಟೆ

"ಗುರುಗಳೇ, ಅಡುಗೆಮನೆಯಲ್ಲಿ ಬೇಡದ ಓಡಾಟವನ್ನೆಲ್ಲ ನಿಲ್ಲಿಸಿದ್ದೇನೆ. ಅಡುಗೆ ಹೊತ್ತಿಗೆ ಮೊದಲೇ ಮುಗಿಯುತ್ತದೆ. ಯಾರ ತಕರಾರೂ ಇಲ್ಲ. ಇದೇ ಕ್ರಮವನ್ನು ಕೊಟ್ಟಿಗೆಗೂ ತರಲೇ?"

ಕೇಳಿದವನು ಮರುಳಯ್ಯ, ಮಠದ ದಾಸೋಹವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಗುರುಗಳು, "ಏನೇನು ಮಾಡಿದೆ?" ಎಂದರು.

"ಬಾವಿಯ ನೀರು ಒಲೆಯ ಪಕ್ಕಕ್ಕೇ ಹರಿದು ಬರುವಂತೆ ಕಾಲುವೆ ಮಾಡಿಸಿದೆ. ನೀರು ಹೊರುತ್ತಿದ್ದವರನ್ನು ಕೆಲಸದಿಂದ ಬಿಡಿಸಿದೆ."

"ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೇಕಾರರ ನೂಲಿಗೆ ಕೆಂಪು ಬಣ್ಣ ಹಾಕುವುದು ಅವನ ಮನೆತನದ ಕಸುಬು. ಅವನ ಅಂಗಳದಿಂದ ಹೋದ ನೂಲನ್ನು ಯಾವ ನೇಕಾರನೂ ನೀರಿನಲ್ಲಿ ಅದ್ದಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ. ಆ ನಂಬಿಕೆಯನ್ನು ಗಳಿಸಿದವನು ಅವನ ತಂದೆ.

ತಂದೆ ಅಂಗಳದ ನಡುಗಂಬಕ್ಕೆ ಒಂದು ಗಂಟೆ ಕಟ್ಟಿಸಿದ್ದ. ಕೆಲಸದಲ್ಲಿ ತಪ್ಪು ಕಂಡವರು ಅದನ್ನು ಹೊಡೆಯಬೇಕು. ಬೇಡದ ದುಡಿಮೆ ಕಂಡವರೂ ಹೊಡೆಯಬೇಕು. ಗಂಟೆಯ ಸದ್ದಾದರೆ ಎಲ್ಲರೂ ಕೈಯ ಕೆಲಸ ಬಿಟ್ಟು ಬರಬೇಕು, ಯಜಮಾನನೂ ಬರಬೇಕು. ಬಂದವರು ತಪ್ಪು ಎಲ್ಲಿ ಎಂದು ಕೇಳಬಹುದು, ಯಾರದು ಎಂದು ಕೇಳಬಾರದು. ತಂದೆ ಸಾಯುವತನಕ ಈ ಪದ್ಧತಿ ನಡೆಯಿತು. ಮಗನ ಕಾಲದಲ್ಲೂ ನಡೆದಿತ್ತು.

ಒಂದು ದಿನ ಒಬ್ಬ ಹೆಂಗಸು ಗಂಟೆ ಹೊಡೆದಳು. ಹಸಿ ನೂಲನ್ನು ತಲೆಯ ಮೇಲೆ ಹೊತ್ತು ದಿಬ್ಬದ ಮೇಲೆ ಒಣಹಾಕುವುದು ಅವಳ ಮತ್ತು ಅವಳ ಅಕ್ಕನ ಕೆಲಸ.

"ಧಣಿಗಳೇ, ಹಂಡೆಯ ಪಕ್ಕದಲ್ಲಿ ಬಿದ್ದಿರುವ ಈ ಒಡಕು ಗುಡಾಣಗಳನ್ನು ಎತ್ತಿಸಿ ಗಳ ಕಟ್ಟಿದರೆ ನೂಲು ಇಲ್ಲೇ ಒಣಗುತ್ತದೆ. ದಿಬ್ಬಕ್ಕೆ ಯಾಕೆ ಹೊರಬೇಕು? ನೂಲಿಗೇನು ಅಲ್ಲಿ ಮದುವೆಯೇ?"

ಎಲ್ಲರೂ ನಕ್ಕರು. ಬಣ್ಣಗಾರನೂ ನಕ್ಕ. ಇಷ್ಟು ವರ್ಷ ತನ್ನ ಕಣ್ಣಿಗೆ ಇದು ಬೀಳಲಿಲ್ಲವಲ್ಲ ಎಂದುಕೊಂಡು ಅಂದೇ ಗುಡಾಣಗಳನ್ನು ತೆಗೆಸಿದ, ಗಳ ಕಟ್ಟಿಸಿದ. ಹೊರುವ ಕೆಲಸ ಮುಕ್ಕಾಲು ಪಾಲು ತಪ್ಪಿತು.

ಉಳಿದ ಹೊತ್ತಿನಲ್ಲಿ ಹೆಂಗಸರು ಸಿಕ್ಕುಬಿದ್ದ ನೂಲನ್ನು ಬಿಡಿಸುತ್ತ ಕೂತರು. ಕೂತವರು ಮಾತಾಡಿದರು, ನಕ್ಕರು. ಬಣ್ಣಗಾರನಿಗೆ ಆ ನಗು ಕಿವಿಗೆ ಬೀಳುತ್ತಿತ್ತು. ಕೂತ ಕೈಗೆ ಕೂಲಿ ಕೊಡುತ್ತಿದ್ದೇನೆ ಎನಿಸಿತು. ತಂದೆಯಾಗಿದ್ದರೆ ಆ ಕೈಗಳಿಗೆ ಬೇರೆ ಕೆಲಸ ಕಲಿಸುತ್ತಿದ್ದ. ಅದಕ್ಕೆ ತಾಳ್ಮೆ ಬೇಕು. ಬಣ್ಣಗಾರ ಒಬ್ಬರನ್ನು ಕೆಲಸದಿಂದ ಬಿಡಿಸಲು ನಿಶ್ಚಯಿಸಿದ. ಯಾರನ್ನು? ನಿಧಾನವಾಗಿ ನಡೆಯುತ್ತಿದ್ದ ಅಕ್ಕನನ್ನು. ತಂಗಿಯ ಕೂಲಿ ಇದ್ದೇ ಇದೆ, ಆ ಮನೆಯ ಒಲೆ ಆರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ದಯೆಯೇ ಎಂದು ಅವನು ನಂಬಿದ.

ಅಕ್ಕ ಜಗಳವಾಡಲಿಲ್ಲ. "ನನ್ನ ತಂಗಿ ಗಂಟೆ ಹೊಡೆದದ್ದು ಒಳ್ಳೆಯದಕ್ಕೇ ಅಲ್ಲವೇ, ಧಣಿಗಳೇ?" ಎಂದಳು.

"ಒಳ್ಳೆಯದಕ್ಕೇ" ಎಂದ ಅವನು.

ಅವಳು ತಲೆಯ ಮೇಲಿನ ಸಿಂಬೆಯನ್ನು ತೆಗೆದು ಗೋಡೆಯ ಮೇಲಿಟ್ಟು ಹೋದಳು.

ಅಂದಿನಿಂದ ಗಂಟೆ ಸದ್ದು ಮಾಡಲಿಲ್ಲ. ಬಣ್ಣಗಾರನಿಗೆ ಹಿಗ್ಗೋ ಹಿಗ್ಗು. "ನನ್ನ ಅಂಗಳದಲ್ಲಿ ತಪ್ಪೇ ಇಲ್ಲ. ಗಂಟೆಯೊಳಗೆ ಜೇಡ ಗೂಡು ಕಟ್ಟಿದೆ" ಎಂದು ಸಂತೆಯಲ್ಲಿ ನೇಕಾರರ ಮುಂದೆ ಹೇಳಿಕೊಂಡ. ಬಣ್ಣ ಹಿಡಿಯಲೆಂದು ನೂಲನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸುತ್ತಾರೆ. ಆ ನೀರನ್ನು ದಿನವೂ ನಾಲಿಗೆಯ ಮೇಲೆ ಬಿಟ್ಟು ಒಗರು ನೋಡುವುದು ಅವನ ರೂಢಿಯಾಗಿತ್ತು. ಗಂಟೆ ಸುಮ್ಮನಿರುವಾಗ ನೋಡುವುದೇನಿದೆ ಎಂದು ಅದನ್ನೂ ಬಿಟ್ಟ.

ಒಂದು ಸಲ ಮಳೆಗೆ ನೆನೆದ ಪಟಿಕ ಬಂತು. ನೀರಿಗೆ ಒಗರೇ ಇರಲಿಲ್ಲ. ಅದೇ ನೀರಿನಲ್ಲಿ ನೂಲು ನೆನೆಯಿತು, ಬಣ್ಣ ಕುಡಿಯಿತು, ಒಣಗಿತು, ನೇಕಾರರ ಮನೆ ಸೇರಿತು. ಸೀರೆಗಳಾಗಿ ಮದುವೆ ಮನೆಗಳಿಗೂ ಹೋಯಿತು. ಮೊದಲ ಒಗೆತಕ್ಕೆ ಅಂಚಿನ ಕೆಂಪು ಬಿಳಿಯ ಒಡಲಿಗೆಲ್ಲ ಹರಿಯಿತು. ನೇಕಾರರು ಸೀರೆಗಳನ್ನು ತಂದು ಅವನ ಅಂಗಳದಲ್ಲಿ ಹಾಕಿದರು. ಯಾರೂ ಬೈಯಲಿಲ್ಲ. ತಂದೆಯ ಕಾಲದಿಂದ ಬರುತ್ತಿದ್ದ ಮುದುಕನೊಬ್ಬ ಹಂಡೆಯ ಬಳಿ ಹೋದ. ಒಣಗಿದ ಎಳೆಯೊಂದನ್ನು ನೀರಿನಲ್ಲಿ ಅದ್ದಿ, ಹಿಂಡಿ, ತನ್ನ ಬೆರಳು ನೋಡಿಕೊಂಡ. ಬಣ್ಣಗಾರ ಮುಖ ತಿರುಗಿಸಿದ.

ಅವರು ಹೋದ ಮೇಲೆ ಅವನು ಆಳುಗಳನ್ನು ಕೇಳಿದ: "ನೀರು ಕೆಟ್ಟದ್ದು ನಿಮ್ಮಲ್ಲಿ ಒಬ್ಬರಿಗೂ ತಿಳಿಯಲಿಲ್ಲವೇ?"

"ಎಲ್ಲರಿಗೂ ತಿಳಿದಿತ್ತು" ಎಂದಳು ತಂಗಿ.

"ಹಾಗಾದರೆ ಗಂಟೆ?"

"ಒಮ್ಮೆ ಹೊಡೆದೆನಲ್ಲ, ಧಣಿಗಳೇ. ಅದಕ್ಕೆ ನಮ್ಮ ಅಕ್ಕನ ಕೂಲಿ ಹೋಯಿತು."

ಬಣ್ಣಗಾರ ಅಕ್ಕನ ಮನೆಗೆ ತಾನೇ ಹೋದ. ಗೋಡೆಯ ಮೇಲಿದ್ದ ಸಿಂಬೆಯನ್ನೂ ಒಯ್ದ. "ತಪ್ಪಾಯಿತು, ಬಾ ತಾಯಿ" ಎಂದ. ಅವಳು ಸಿಂಬೆಯನ್ನು ತೆಗೆದುಕೊಂಡು, ಅದರ ಧೂಳು ಕೊಡವಿ, "ಬರುತ್ತೇನೆ. ಕೂಲಿ ಬೇಕಲ್ಲ. ಕೈ ತರುತ್ತೇನೆ, ಬಾಯಿ ಇಲ್ಲೇ ಬಿಟ್ಟು ಬರುತ್ತೇನೆ" ಎಂದಳು.

ಅವಳು ಬಂದಳು. ಹೊಸ ಪಟಿಕ ಬಂತು. ನೂಲೂ ಅಷ್ಟಿಷ್ಟು ಬಂತು, ಆದರೆ ನೇಕಾರರು ಒಂದೆಳೆ ಅದ್ದಿ ನೋಡದೆ ಒಯ್ಯುತ್ತಿರಲಿಲ್ಲ. ಬಣ್ಣಗಾರ ಜೇಡನ ಬಲೆ ತೆಗೆದು ಗಂಟೆಯನ್ನು ತಿಕ್ಕಿ ಬೆಳಗಿದ. ಆಗಾಗ ತಾನೇ ಹೋಗಿ ಹೊಡೆಯುತ್ತಿದ್ದ. ಆಳುಗಳು ಪದ್ಧತಿಯಂತೆ ಬಂದು ನಿಲ್ಲುತ್ತಿದ್ದರು. "ಎಲ್ಲಿ?" ಎಂದು ಅವನೇ ಕೇಳುತ್ತಿದ್ದ. ಯಾರೂ ಏನೂ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತಿದ್ದರು. ಅವನು ಬದುಕಿರುವ ತನಕ ಹೀಗೇ ನಡೆಯಿತು.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು, ಗುರುಗಳೇ" ಎಂದ ಮರುಳಯ್ಯ. "ಅವನು ಆ ಅಕ್ಕನನ್ನು ಬಿಡಿಸಬಾರದಿತ್ತು. ಪಾಪ, ದುಡುಕಿದ."

ಗುರುಗಳು ಕೇಳಿದರು: "ಒಲೆಯ ಪಕ್ಕಕ್ಕೆ ಕಾಲುವೆ ತರಬಹುದು ಎಂದು ನಿನಗೆ ಮೊದಲು ಹೇಳಿದ್ದು, ನೀನು ಬಿಡಿಸಿದ ಆ ನೀರು ಹೊರುವವರಲ್ಲಿ ಯಾರು?"