ಕಡಲ ಹದ್ದು ಗೂಡಿಗೆ ಹಸಿರೆಲೆ ಒಯ್ಯುವುದೇಕೆ

ಭೂಮಿಯ ಮೇಲಿನ ಕೆಸರು ಇನ್ನೂ ಆರಿರಲಿಲ್ಲ, ಕಡಲಿನ ನೀರಿಗೆ ಉಪ್ಪು ಆಗಷ್ಟೇ ಹಿಡಿದಿತ್ತು. ಆಗ ಮರಗಳು ನಡೆಯುತ್ತಿದ್ದವು. ಹೌದು, ಬೇರನ್ನು ಸೀರೆಯ ನೆರಿಗೆಯ ಹಾಗೆ ಎತ್ತಿ ಹಿಡಿದು ನಡೆಯುತ್ತಿದ್ದವು. ಬೆಳಿಗ್ಗೆ ಗುಡ್ಡದ ಮೇಲಿದ್ದ ಮಾವು ಮಧ್ಯಾಹ್ನಕ್ಕೆ ಹೊಳೆ ದಾಟಿರುತ್ತಿತ್ತು.

"ಕಲ್ಲು ಚುಚ್ಚುತ್ತಿರಲಿಲ್ವಾ ಅಜ್ಜ?" ಎಂದಳು ಮೊಮ್ಮಗಳು ತನ್ಮಯಿ.

ಕಲ್ಲೂ ಆಗ ಮೆತ್ತಗಿತ್ತು ಕಣೇ. ಎಲ್ಲ ಹೊಸದು ಅಂದೆನಲ್ಲ.

ಅಂಥ ಕಾಲದಲ್ಲಿ ಕಡಲ ಹದ್ದಿನ ಜೋಡಿಯೊಂದಿತ್ತು. ಹೊಟ್ಟೆ ಹಾಲಿನಂತೆ ಬಿಳುಪು. ರೆಕ್ಕೆ ಬಿಚ್ಚಿದರೆ ಕೆಳಗೆ ಒಂದಿಡೀ ಅಲೆಗೆ ನೆರಳು. ಇಷ್ಟು ದೊಡ್ಡ ಹಕ್ಕಿ, ಇಟ್ಟದ್ದು ಎರಡೇ ಮೊಟ್ಟೆ. ಎಲ್ಲಕ್ಕಿಂತ ಎತ್ತರದ ಧೂಪದ ಮರದ ತುದಿಯಲ್ಲಿ ಗೂಡು.

ಮರಕ್ಕೋ ತಿರುಗಾಟದ ಹುಚ್ಚು. ಹದ್ದುಗಳು ಮೀನು ಹಿಡಿದು ಬಂದರೆ ಮರವೇ ಇಲ್ಲ. ಹುಡುಕಿದವು, ಹುಡುಕಿದವು. ಸಂಜೆಗೆ ಮರ ಸಿಕ್ಕಾಗ ಗೂಡಿನಲ್ಲಿ ಒಂದೇ ಮೊಟ್ಟೆ. ಇನ್ನೊಂದು ದಾರಿಯಲ್ಲೆಲ್ಲೋ ಬಿದ್ದು ಒಡೆದಿತ್ತು.

"ಧೂಪಣ್ಣ, ಇನ್ನು ನಿಲ್ಲು," ಎಂದಿತು ಹೆಣ್ಣು ಹದ್ದು. "ಉಳಿದಿರೋದು ಇದೊಂದೇ."

"ನಿಂತರೆ ನನ್ನ ಬಳಗದ ಸುದ್ದಿ ತಿಳಿಯೋದು ಹೇಗಮ್ಮ? ಘಟ್ಟದ ಮೇಲೆ ತಂಗಿ ಇದ್ದಾಳೆ."

ಅಘನಾಶಿನಿ ಹೊಳೆ ನಕ್ಕಳು. "ಸುದ್ದಿ ನಾನು ಹೇಳ್ತೀನಿ ಬಿಡೋ."

"ನೀನಾ? ಒಂದಕ್ಕೆ ಹತ್ತು ಸೇರಿಸ್ತೀಯ ಮಾರಾಯ್ತಿ."

ಗಾಳಿಗೆ ಒಪ್ಪಿಸೋಣವೆಂದರೆ ಅದಕ್ಕೆ ಮಾತು ಅರ್ಧ ದಾರಿಯಲ್ಲೇ ಮರೆತುಹೋಗುತ್ತಿತ್ತು.

ಗಂಡು ಹದ್ದು ರೆಕ್ಕೆ ಬಿಚ್ಚಿತು. ಹಾರಿತು. ಹೊಳೆಯ ಜಾಡು ಹಿಡಿದು ಮೇಲೇರಿತು, ಮೋಡದೊಳಗೆ ಹೊಕ್ಕಿತು, ಚುಕ್ಕಿಯಾಯಿತು, ಇಲ್ಲವಾಯಿತು. ಮರುದಿನ ಬೆಳಿಗ್ಗೆ ಮರಳಿದಾಗ ಅದರ ಉಗುರಿನಲ್ಲಿ ಒಂದು ಹಸಿರು ಕಡ್ಡಿ, ನಾಲ್ಕೇ ಎಲೆ. ಮೊಟ್ಟೆಯ ಪಕ್ಕದಲ್ಲಿ ಮೆಲ್ಲಗೆ ಇಟ್ಟಿತು.

ಮರ ಮೂಸಿತು. ತಂಗಿಯ ಘಮ. ಘಟ್ಟದ ಮಂಜಿನ ತಂಪು ಇನ್ನೂ ಎಲೆಯಲ್ಲಿತ್ತು. ಅಷ್ಟು ದೊಡ್ಡ ರೆಕ್ಕೆ ಇಷ್ಟು ಸಣ್ಣ ಎಲೆಗಾಗಿ ಅಷ್ಟು ದೂರ ಹೋಗಿತ್ತು. ಮರ ಹದ್ದಿನ ಕಡೆಗೆ ಕೊಂಬೆ ಬಾಗಿಸಿ ಕೇಳಿತು.

"ಪ್ರತಿ ವರ್ಷ ತರ್ತೀಯಾ?"

"ನಾನು ತರ್ತೀನಿ. ನನ್ನ ಮಕ್ಕಳು ತರ್ತಾರೆ. ನೀನು ಇಲ್ಲೇ ಇರಬೇಕು, ಅಷ್ಟೆ."

ಮರ ಬೇರನ್ನು ನೆಲಕ್ಕಿಳಿಸಿತು. ಆಳಕ್ಕೆ, ಇನ್ನೂ ಆಳಕ್ಕೆ. ಮೊಟ್ಟೆ ಒಡೆಯಿತು, ಮರಿ ಹಾರಿತು, ಮರ ಕದಲಲಿಲ್ಲ. ಅದನ್ನು ಕಂಡು ಉಳಿದ ಮರಗಳೂ ಒಂದೊಂದಾಗಿ ನಿಂತುಬಿಟ್ಟವು.

ಈಗ ಎತ್ತರದ ಮರಗಳು ಕಡಿಮೆ, ಹದ್ದುಗಳೂ ಕಡಿಮೆ. ನಮ್ಮ ಪಕ್ಕದ ಕೇರಿಯ ಬೊಮ್ಮ ಗೌಡರಿಗೆ ಮನೆಯ ತೊಲೆಗೆ ಧೂಪದ ಮರ ಬೇಕಿತ್ತು. ತಲೆಯೆತ್ತಿ ಗೂಡು ನೋಡಿದರು, ಕೊಡಲಿ ಕೆಳಗಿಟ್ಟರು. "ಇದಕ್ಕಿನ್ನೂ ಟಪಾಲು ಬರೋದಿದೆ" ಎಂದು ಮನೆಗೆ ಹೋದರು.

ಮಳೆಗಾಲ ಮುಗಿದ ಮೇಲೆ, ಘಟ್ಟದ ಕಡೆಯಿಂದ ಬಿಳಿ ಹೊಟ್ಟೆಯ ದೊಡ್ಡ ಹದ್ದೊಂದು ಉಗುರಿನಲ್ಲಿ ಮೀನಿನ ಬದಲು ಹಸಿರು ಕಡ್ಡಿ ಹಿಡಿದು ನಿನ್ನ ತಲೆಯ ಮೇಲೆ ಹಾದುಹೋದರೆ, ಎಲ್ಲೋ ಒಂದು ಮರ ಅದಕ್ಕಾಗಿ ನಿಂತು ಕಾಯುತ್ತಿದೆ ಎಂದು ತಿಳಿ.